ರೇಡಿಯೊದಲ್ಲಿ ನಮ್ಮ ಓಣಿ

ಒಂದು ಪೋಸ್ಟ್ ಕಾರ್ಡಿನಲ್ಲಿ ಇಪ್ಪತ್ತೆಂಟು ಹೆಸರು ಹಿಡಿಸುವುದು ಹೇಗೆಂದು ನನಗೆ ಗೊತ್ತಿತ್ತು. ಮೇಲೆ ಎರಡು ಸಾಲಿನಲ್ಲಿ ನಮಸ್ಕಾರ, ಕೋರುವ ಹಾಡು. ಅದರ ಕೆಳಗೆ ಅಡ್ಡಗೆರೆ ಹಾಕದೆ, ಕಣ್ಣಳತೆಯಲ್ಲೇ ಕಾರ್ಡನ್ನು ಮೂರು ಪಾಲು ಮಾಡಿಕೊಂಡು, ಹೆಸರುಗಳನ್ನು ಒಂದರ ಕೆಳಗೊಂದು ಬರೆಯಬೇಕು. ಅಕ್ಷರ ಜೋಳದ ಕಾಳಿಗಿಂತ ದೊಡ್ಡದಾಗಬಾರದು. ಓದುವವರು ತಡವರಿಸುವಷ್ಟು ಸಣ್ಣದೂ ಆಗಬಾರದು. ತಡವರಿಸಿದರೆ ಅವರು ಹೆಸರು ಬಿಟ್ಟು ಮುಂದೆ ಹೋಗುತ್ತಾರೆ. ಬಿಟ್ಟ ಹೆಸರಿನವರು ಸಂಜೆ ನಮ್ಮ ಮನೆಗೆ ಬರುತ್ತಾರೆ.

ಎಂಬತ್ತರ ದಶಕದ ಕೊನೆಯ ವರ್ಷಗಳ ಮಾತು ಇದು. ಸಿಂಧನೂರಿನಲ್ಲಿ ಅಕ್ಕಿ ಗಿರಣಿಗಳ ಹಿಂದಿನ ಒಂದು ಓಣಿಯಲ್ಲಿ ನಾವಿದ್ದೆವು. ಮನೆಯವರು ಗಿರಣಿಯಲ್ಲಿ ಫಿಟ್ಟರ್. ಓಣಿಯಲ್ಲಿ ಮೂವತ್ತೊಂದು ಮನೆ, ಹತ್ತೊಂಬತ್ತು ರೇಡಿಯೊ. ರೇಡಿಯೊ ಎಣಿಸಿದ್ದು ನಾನೇ. ಮಧ್ಯಾಹ್ನ ಪಾತ್ರೆ ತೊಳೆದು ಬೋರಲು ಹಾಕಿ, ಅಂಗಳಕ್ಕೆ ಒಂದಿಷ್ಟು ನೀರು ಚಿಮುಕಿಸಿ, ಬಾಗಿಲಲ್ಲಿ ಕುಳಿತರೆ ನಾಲ್ಕು ಗಂಟೆಯ ಟಪಾಲು ಎತ್ತುವುದರೊಳಗೆ ಎರಡು ಕಾರ್ಡು ಬರೆದು ಮುಗಿಸುತ್ತಿದ್ದೆ. ರೇಡಿಯೊದ ಸೆಲ್ಲುಗಳು ಅಷ್ಟು ಹೊತ್ತಿಗೆ ಮಾಳಿಗೆಯ ಮೇಲೆ ಬಿಸಿಲಿಗೆ ಕಾದು, ಸಾಯಂಕಾಲದ ಹಾಡಿಗೆ ಇನ್ನೊಂದಿಷ್ಟು ಜೀವ ಹಿಡಿದುಕೊಳ್ಳುತ್ತಿದ್ದವು.

ಮೊದಲ ಸಲ ನನ್ನ ಹೆಸರು ರೇಡಿಯೊದಲ್ಲಿ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಯಾವುದೋ ಊರಿನ ಸ್ಟುಡಿಯೊದಲ್ಲಿ ಕುಳಿತ ಹೆಣ್ಣುಮಗಳೊಬ್ಬಳು, ನನ್ನ ತಾಯಿ ಕರೆಯುವುದಕ್ಕಿಂತ ಚೆನ್ನಾಗಿ, ನನ್ನ ಪೂರ್ತಿ ಹೆಸರನ್ನು ಕರೆದಳು. ಕೈ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಹೊತ್ತಿ ಹೊಗೆಯಾಡಿತು. ಮನೆಯವರು ಒಳಗೆ ಬಂದು ನೋಡಿ, "ಹೆಸರು ಬಂತು, ರೊಟ್ಟಿ ಹೋತು" ಅಂದರು. ಮರುದಿನ ಕಿರಾಣಿ ಅಂಗಡಿಯಲ್ಲಿ ಬೇಳೆ ಕಟ್ಟುವವನು "ಏನ್ರೀ ಅಕ್ಕಾರ, ರೇಡಿಯೊದಾಗ ಬಂದಿದ್ರಲ್ಲ" ಎಂದು ಬೇರೆಯವರನ್ನು ಬಿಟ್ಟು ನನಗೆ ಮೊದಲು ಕೊಟ್ಟ. ಅಷ್ಟೇ. ಆ ರುಚಿ ಹತ್ತಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣವೇನೂ ಇಲ್ಲ.

ಓಣಿಯ ಬಾಯಿಗೆ ಹತ್ತಿರದಲ್ಲೇ ಟೇಲರ್ ಮಾಸ್ತರರ ಅಂಗಡಿ. ಅವರ ಮುಂದಾಳುತನದಲ್ಲಿ ಒಂದು ಕೇಳುಗರ ಬಳಗವಾಯಿತು. ಹೆಸರು ಓದಿದ ದಿನವೆಲ್ಲ ಅವರು ಅಂಗಡಿಯ ಬಾಗಿಲ ಹಲಗೆಯ ಮೇಲೆ ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ಒಂದು ಗೀಟು ಎಳೆಯುತ್ತಿದ್ದರು. ನನ್ನ ಅಕ್ಷರ ಮುತ್ತಿನಂತಿದೆ ಎಂದು ಬರೆಯುವ ಕೆಲಸ ನನಗೆ ಬಂತು. ಬರೆಯುವುದು ಸುಲಭ, ಹೆಸರಿನ ಸಾಲು ಹಚ್ಚುವುದು ಕಷ್ಟ. ಯಾರದು ಮೊದಲು, ಯಾರದು ಆಮೇಲೆ ಎಂಬುದಕ್ಕೆ ಅತ್ತೆ ಸೊಸೆ ಮಾತು ಬಿಟ್ಟರು. ಹೆರಿಗೆಯಾಗಿ ಒಂಬತ್ತು ದಿನವಾಗಿದ್ದ ಒಬ್ಬಾಕೆ "ಇನ್ನೂ ಹೆಸರಿಡದ ಕೂಸು ಅಂತನರ ಬರೀರಿ" ಎಂದು ಹೇಳಿ ಕಳಿಸಿದಳು, ಬರೆದೆ. ಮಾಸ್ತರರು ಸತ್ತು ಹೋದ ತಮ್ಮ ತಂದೆಯ ಹೆಸರನ್ನು ಸೇರಿಸಲು ಹೇಳಿದರು. "ಅವ್ರಿಗೆ ಈ ಹಾಡು ಭಾಳ ಇಷ್ಟಿತ್ರಿ, ಕೇಳಿದ್ರ ಖುಷಿ ಪಡ್ತಿದ್ರು." ಅದನ್ನೂ ಬರೆದೆ. ರೇಡಿಯೊದವಳು ಅವರಿಗೂ ಶುಭ ಹಾರೈಸಿದಳು.

ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಶನಿವಾರ ಬೆಳಿಗ್ಗೆ ಎಂಟೂವರೆಗೆ ಪತ್ರಗಳನ್ನು ಓದುವ ಒಂದು ಕಾರ್ಯಕ್ರಮವಿತ್ತು. ರಸ್ತೆ, ಬಸ್ಸು, ಬೀದಿ ದೀಪ, ಊರ ಕುಂದುಕೊರತೆ ಏನಿದ್ದರೂ ಬರೆಯಿರಿ, ಓದುತ್ತೇವೆ ಎನ್ನುವಂಥದ್ದು. ಹಾಡಿನ ಕಾರ್ಯಕ್ರಮದಲ್ಲಿ ಬರೀ ಹೆಸರು ಬರುತ್ತದೆ, ಇದರಲ್ಲಿ ನಾವು ಬರೆದ ಮಾತುಗಳೇ ಬರುತ್ತವೆ ಎಂದು ಗೊತ್ತಾದ ಮೇಲೆ ನಮ್ಮ ಬಳಗಕ್ಕೆ ಊರ ಮೇಲೆ ಪ್ರೀತಿ ಉಕ್ಕಿತು. ತುರ್ವಿಹಾಳದ ಬಸ್ಸು ನಿಲ್ದಾಣ ಬಿಟ್ಟು ಮುಂದೆ ನಿಲ್ಲುತ್ತದೆ ಎಂದು ಬರೆದೆವು. ನಮ್ಮಲ್ಲಿ ಯಾರೂ ಆ ಬಸ್ಸು ಹತ್ತಿದವರಲ್ಲ. ದಢೇಸುಗೂರಿನ ಕಾಲುವೆ ದಂಡೆಯ ರಸ್ತೆ ಕುಸಿದಿದೆ ಎಂದು ಬರೆದೆವು. ಅದನ್ನು ಮಾಸ್ತರರು ಯಾರೋ ಹೇಳಿದ್ದನ್ನು ಕೇಳಿದ್ದರು. ಪತ್ರ ಓದಿದರೆಂದರೆ ಆ ವಿಷಯ ಮುಗಿಯಿತು. ಹಲಗೆಯ ಮೇಲೆ ಗೀಟು ಬಿತ್ತು. ಬಸ್ಸು ಈಗಾದರೂ ಸರಿಯಾಗಿ ನಿಲ್ಲುತ್ತದೆಯೇ ಎಂದು ನಾವು ಒಮ್ಮೆಯೂ ಹೋಗಿ ನೋಡಲಿಲ್ಲ, ಕೇಳಲೂ ಇಲ್ಲ. ಕೇಳಬೇಕೆಂದು ಹೊಳೆಯಲೇ ಇಲ್ಲ ಎನ್ನುವುದು ಇನ್ನೂ ಅಸಹ್ಯದ ಮಾತು.

ಈಗ ನನ್ನ ಕೈಯಲ್ಲೂ ಫೋನಿದೆ. ನಮ್ಮ ಬಡಾವಣೆಯವರ ಗುಂಪಿನಲ್ಲಿ ವಾರಕ್ಕೊಮ್ಮೆ ಕಟ್ಟಿಕೊಂಡ ಗಟಾರದ ಫೋಟೊ ಬರುತ್ತದೆ. ಅದರ ಕೆಳಗೆ ಸಾಲಾಗಿ ಹೆಬ್ಬೆರಳುಗಳು, ಸಿಟ್ಟಿನ ಕೆಂಪು ಮುಖಗಳು, ಮುಗಿದ ಕೈಗಳು. ಗಟಾರ ಮರುದಿನವೂ ಹಾಗೇ ನಾರುತ್ತದೆ. ಮಕ್ಕಳು ಇದನ್ನು ಈ ಕಾಲದ ರೋಗ ಎನ್ನುತ್ತಾರೆ. ಈ ರೋಗಕ್ಕೆ ಫೋನು ಬೇಕಿಲ್ಲ, ಒಂದು ಕಾರ್ಡು ಸಾಕು ಎಂದು ಅವರಿಗೆ ಹೇಳಬೇಕಾದರೆ ಖಾಲಾಳ ಸಂಗತಿಯನ್ನು ಹೇಳಬೇಕಾಗುತ್ತದೆ.

ಓಣಿಯ ಕಟ್ಟಕಡೆಯ ಮನೆ ಖಾಲಾಳದು. ಎಲ್ಲರಿಗೂ ಆಕೆ ಖಾಲಾ, ಅಂದರೆ ಚಿಕ್ಕಮ್ಮ. ಐವತ್ತರ ಮೇಲಿನ ವಯಸ್ಸು, ಗಂಡ ಇರಲಿಲ್ಲ, ಮಕ್ಕಳಾಗಿರಲಿಲ್ಲ. ಹಳೆಯ ಸೀರೆಗಳನ್ನು ಕೊಟ್ಟರೆ ಕೌದಿ ಹೊಲಿದು ಕೊಡುತ್ತಿದ್ದಳು. ಮನೆ ಸ್ವಂತದ್ದು, ಒಂದು ಕೋಣೆ, ಒಂದು ಪಡಸಾಲೆ. "ನನ ಗೋರಿ ಈ ಮನಿಂದಾನ ಹೊಂಡಬೇಕು ಬೇಟಿ" ಎಂದು ನಗುತ್ತಿದ್ದಳು. "ಗೋರಿ ಹೊಂಡಂಗಿಲ್ಲ ಖಾಲಾ, ಹೆಣ ಹೊಂಡತೈತಿ" ಎಂದರೆ, "ಹೌ ಹೌ, ಶಾಣ್ಯಾಕಿ ಅದೀ, ಅದಕ್ಕ ರೇಡಿಯೊದಾಗ ಬರ್ತೀ" ಎಂದು ಚುಚ್ಚುತ್ತಿದ್ದಳು.

ಓಣಿಗೆ ನೀರಿರಲಿಲ್ಲ. ಊರ ಸುತ್ತ ಕಾಲುವೆ, ಗದ್ದೆ ತುಂಬ ನೀರು, ಕಣ್ಣಿಗೆ ಕಾಣುವಷ್ಟು ದೂರ ಹಸಿರು ಭತ್ತ. ಕುಡಿಯುವುದಕ್ಕೆ ಮಾತ್ರ ದೊಡ್ಡ ರಸ್ತೆ ದಾಟಿ ಆಚೆಗಿನ ಬೋರಿಂಗಿಗೆ ಹೋಗಬೇಕು. ಅದರ ಹಿಡಿಕೆಗೆ ಜೋತುಬಿದ್ದು ಒತ್ತಿದರೆ ಕೊಡ ತುಂಬುತ್ತಿತ್ತು. ಭತ್ತದ ಲಾರಿಗಳ ನಡುವೆ ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ ಹೊತ್ತು ದಾಟುವುದು ನಮ್ಮೆಲ್ಲರ ದಿನದ ಕೆಲಸ. ನಾನು ದಿನಕ್ಕೆ ಎಂಟು ಕೊಡ ತರುತ್ತಿದ್ದೆ. ಖಾಲಾ ಒಬ್ಬಳೇ ಆದ್ದರಿಂದ ಎರಡು.

ಒಂದು ಮಧ್ಯಾಹ್ನ ನಾನು ಕೊಟ್ಟಿದ್ದ ಸೀರೆಗಳ ಕೌದಿಯನ್ನು ನೋಡಲು ಹೋದಾಗ ಆಕೆ ಗೋಡೆಗೆ ಒರಗಿ ಕುಳಿತಿದ್ದಳು. ಮುಖ ಬಿಳಿಚಿಕೊಂಡಿತ್ತು. ಬಾಗಿಲು ಹಾಕೆಂದು ಸನ್ನೆ ಮಾಡಿದಳು. ಹಾಕಿದೆ.

"ಯಾರ ಮುಂದನೂ ಅನಬ್ಯಾಡ. ಕೆಳಗ ಜಾರೈತಿ ಬೇಟಿ. ವರ್ಷ ಆತು. ಡಾಕ್ಟರಮ್ಮ ಕೊಡ ಎತ್ತಬ್ಯಾಡ ಅಂದಾಳ. ಎತ್ತದಿದ್ರ ನೀರ್ಯಾರು ತರ್ತಾರ? ಬಟ್ಟಿ ಕಟಗೊಂಡು ಹೋಗಿ ಬರ್ತೀನಿ."

"ನಾ ತಂದು ಹಾಕ್ತೀನಿ ಖಾಲಾ."

"ಒಂದಿನ ಹಾಕ್ತಿ, ಎರಡ ದಿನ ಹಾಕ್ತಿ. ನಳ ಬಂದ್ರ ಸಾಕು. ಮನಿ ಮುಂದ ನಳ ಬಂದ್ರ ತಂಬಿಗಿ ತಂಬಿಗಿ ತುಂಬ್ಕೋತೀನಿ. ಇಲ್ಲಾಂದ್ರ ಈ ಮನಿ ಬಿಡಬೇಕಾಗತೈತಿ."

ಅಂದಿನಿಂದ ಎರಡು ಕೊಡ ನಾನೇ ತಂದು ಹಾಕತೊಡಗಿದೆ. ಮಗುವಿಗೆ ಜ್ವರ ಬಂದ ದಿನ, ನೆಂಟರು ಬಂದ ದಿನ ತಪ್ಪುತ್ತಿತ್ತು. ತಪ್ಪಿದ ದಿನ ಆಕೆ ಬಟ್ಟೆ ಕಟ್ಟಿಕೊಂಡು ಹೋಗುತ್ತಿದ್ದಳು. ಆಕೆಗೆ ನಳ ಬೇಕಿತ್ತು. ನಮಗೆ ಬೇಕಾದಂತಲ್ಲ, ಆ ಮನೆಯಲ್ಲಿ ಉಳಿಯುವುದಕ್ಕೆ ಬೇಕಿತ್ತು.

ನಾನು ಏನು ಮಾಡಿದೆ? ರೇಡಿಯೊಗೆ ಪತ್ರ ಬರೆದೆ.

ಕಾರ್ಡಿನಲ್ಲಿ ಹಿಡಿಸಲಿಲ್ಲ, ಇನ್‌ಲ್ಯಾಂಡ್ ತಂದೆ. ಬಳಗದ ಎಲ್ಲರನ್ನೂ ಕೂರಿಸಿ ಓದಿ ತೋರಿಸಲಿಲ್ಲ. ಹೆಸರುಗಳನ್ನು ಮಾತ್ರ ಕೇಳಿ ಬರೆದುಕೊಂಡೆ. ಮೊದಲು "ಕಾಯಿಲೆಯ ಒಬ್ಬ ತಾಯಿ" ಎಂದು ಬರೆದಿದ್ದೆ. ಸಪ್ಪೆ ಎನಿಸಿತು. "ಭಾರ ಎತ್ತಬಾರದ ಒಬ್ಬ ತಾಯಿ" ಎಂದೆ. ಅದೂ ನಾಟಲಿಲ್ಲ. ಮೂರನೆಯ ಸಲ ಬರೆದದ್ದು ನಾಟಿತು. ಬರೆದು ನಾನೇ ಓದಿಕೊಂಡು ಕಣ್ಣು ಒದ್ದೆ ಮಾಡಿಕೊಂಡೆ. ಆ ಒದ್ದೆ ಖಾಲಾಳಿಗಾಗಿ ಬಂದದ್ದಲ್ಲ. ಎಷ್ಟು ಚೆನ್ನಾಗಿ ಬರೆದೆ ಎಂದು ಬಂದದ್ದು.

ಪುರಸಭೆಗೆ ಒಂದು ಅರ್ಜಿ ಕೊಡೋಣ ಎಂದು ಮನೆಯವರು ಒಮ್ಮೆ ಅಂದಿದ್ದರು. ಅದಕ್ಕೆ ಮಾಸ್ತರರು, "ಅರ್ಜಿ ಕೊಟ್ರ ಯಾವ್ದೋ ಕಟ್ಟಿನ್ಯಾಗ ಬಿದ್ದಿರತೈತ್ರಿ. ರೇಡಿಯೊದಾಗ ಬಂದ್ರ ಇಡೀ ರಾಜ್ಯ ಕೇಳತೈತಿ" ಅಂದರು. ನನಗೂ ಅದೇ ಸರಿ ಕಂಡಿತು. ಅರ್ಜಿಯನ್ನು ಒಬ್ಬ ಗುಮಾಸ್ತ ಓದುತ್ತಾನೆ, ಓದಿ ಹೊಗಳುವುದಿಲ್ಲ.

ಎರಡು ವಾರ ಕಳೆದವು. ಒಂದು ಶನಿವಾರ ಕಾರ್ಯಕ್ರಮದ ಕೊನೆಗೆ, "ಮುಂದಿನ ವಾರ ಸಿಂಧನೂರಿನ ಕೇಳುಗರೊಬ್ಬರು ಕುಡಿಯುವ ನೀರಿನ ಬಗ್ಗೆ ಬರೆದ ಮನಮುಟ್ಟುವ ಪತ್ರ" ಎಂದು ಹೇಳಿದರು. ಓಣಿ ಕುಣಿಯುವುದೊಂದು ಬಾಕಿ. ಅದೇ ವಾರ, ಗುರುವಾರ, ಪುರಸಭೆಯ ಜವಾನ ಸೈಕಲ್ ಹೊಡೆದುಕೊಂಡು ಬಂದ. ನಮ್ಮ ಪತ್ರಕ್ಕೂ ಆತ ಬಂದದ್ದಕ್ಕೂ ಸಂಬಂಧವಿರಲಿಲ್ಲ. ಪತ್ರ ಇನ್ನೂ ಯಾರೂ ಕೇಳಿಯೇ ಇರಲಿಲ್ಲ. ಒಂದು ಓಣಿಗೆ ಆಗುವಷ್ಟು ಪೈಪು ಉಳಿದಿದೆ. ನಿಮ್ಮ ಓಣಿ, ಹಿಂದಿನ ಓಣಿ ಎರಡರಲ್ಲಿ ಒಂದಕ್ಕೆ ಹಾಕುತ್ತಾರೆ. ಮನೆ ಮುಂದೆ ಅಗೆಯುವುದಕ್ಕೆ, ಕಟ್ಟೆ ಒಡೆಯುವುದಕ್ಕೆ ತಕರಾರಿಲ್ಲ ಎಂದು ಪ್ರತಿ ಮನೆಯವರೂ ಸಹಿ ಹಾಕಬೇಕು. ಶನಿವಾರ ಬೆಳಿಗ್ಗೆ ಬಿಸಿಲೇರುವ ಮೊದಲು, ಎಂಟೂವರೆಗೆ, ಇಂಜಿನಿಯರ್ ಸಾಹೇಬರು ಓಣಿಯ ಮೂಲೆಗೆ ಬರುತ್ತಾರೆ. ಮೊದಲು ನಿಮ್ಮ ಓಣಿ. ಇಷ್ಟು ಹೇಳಿ ಹೋದ.

"ಎಂಟೂವರಿಗೇನಾ?" ಎಂದು ಕಿರಾಣಿ ಅಂಗಡಿಯವನ ಹೆಂಡತಿ ನನ್ನ ಮುಖ ನೋಡಿದಳು.

"ಸರ್ಕಾರದವ್ರು ಎಂಟೂವರಿ ಅಂದ್ರ ಹತ್ತೂವರಿ ತಿಳಕೋರಿ" ಎಂದು ಮಾಸ್ತರರು ಕತ್ತರಿ ಆಡಿಸುತ್ತಲೇ ಹೇಳಿದರು. "ನಮ್ದು ಹದಿನೈದು ನಿಮಿಷದ ಮಾತು. ಕೇಳಿ, ಚಾ ಕುಡದು, ಹೋಗಿ ಸಹಿ ಮಾಡೂನು."

ಶುಕ್ರವಾರ ರಾತ್ರಿ ಊಟಕ್ಕೆ ಕುಳಿತಾಗ ಮನೆಯವರು, "ನಂದು ಬೆಳಿಗ್ಗಿ ಪಾಳಿ. ನೀನರ ಮೂಲ್ಯಾಗ ಹೋಗಿ ನಿಂದ್ರು. ನೀ ಕೇಳಿದ್ರೂ ಪತ್ರ ಓದ್ತಾರ, ಕೇಳದಿದ್ರೂ ಓದ್ತಾರ" ಅಂದರು.

"ಹೂಂ" ಅಂದೆ.

ಶನಿವಾರ ಮಾಸ್ತರರು ತಮ್ಮ ದೊಡ್ಡ ರೇಡಿಯೊವನ್ನು ಅಂಗಡಿಯೊಳಗಿಂದ ತಂದು ಕಟ್ಟೆಯ ಮೇಲಿಟ್ಟರು. ಬಳಗದವರು ಸುತ್ತ ಕುಳಿತೆವು. ಉಳಿದವರು ತಮ್ಮ ತಮ್ಮ ಮನೆಯಲ್ಲೇ ಹಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಾನು ಎಣ್ಣೆ ಹಚ್ಚಿ ತಲೆ ಬಾಚಿ, ಪೆಟ್ಟಿಗೆಯಲ್ಲಿನ ಸೀರೆ ಉಟ್ಟಿದ್ದೆ. ರೇಡಿಯೊದಲ್ಲಿ ಮುಖ ಕಾಣುವುದಿಲ್ಲ ಎನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ.

ಕಾರ್ಯಕ್ರಮದ ವಾದ್ಯ ಶುರುವಾಯಿತು. ಅದೇ ಹೊತ್ತಿಗೆ ಮೂಲೆಯಲ್ಲಿ ಜೀಪು ನಿಂತ ಸಪ್ಪಳವಾಯಿತು. ಜವಾನ ಓಡುತ್ತ ಬಂದ.

"ಬರ್ರಿ, ಬರ್ರಿ ಎಲ್ಲಾರು! ಸಾಹೇಬ್ರು ಬಂದು ನಿಂತಾರ."

"ಇಷ್ಟ ಜಲ್ದಿ?" ಮಾಸ್ತರರಿಗೆ ನಿಜವಾಗಿಯೂ ಸಿಟ್ಟು ಬಂತು.

"ಎಂಟೂವರಿ ಅಂದಿದ್ನೆಲ್ಲೋ ಮಾರಾಯ! ಎಂಟೂವರಿ ಆತು."

"ಹತ್ತ ನಿಮಿಷ ತಡಿಯಪಾ. ನಮ್ಮ ಪತ್ರ ಓದಾಕತ್ತಾರ."

"ಎಂಥಾ ಪತ್ರ?"

"ನಳದ್ದು! ನಮ್ಮ ಓಣಿಗೆ ನಳ ಬೇಕಂತ ಬರದೀವಿ."

"ನಾವು ಬಂದಿದ್ದರ ಯಾತಕ್ಕ? ನಳ ಹಾಕಾಕನ ಬಂದೀವಿ! ಎದ್ದು ಬರ್ರೆಪಾ!"

"ಏ, ಶ್! ಶ್! ಮೊದಲಿನ ಪತ್ರ ಮುಗಿಯಾಕ ಬಂತು."

ಜವಾನ ಹಣೆ ಬಡಿದುಕೊಂಡು ಅಲ್ಲೇ ನಿಂತ. ಅಷ್ಟರಲ್ಲಿ ಮೂಲೆಯ ಕಡೆಯಿಂದ ಖಾಲಾ ಬಂದಳು. ಆಕೆ ಎಂಟಕ್ಕೇ ಹೋಗಿ ಅಲ್ಲಿ ನಿಂತಿದ್ದಳಂತೆ. ಬಲಗೈ ಹೆಬ್ಬೆರಳಿನ ತುಂಬ ನೇರಳೆ ಶಾಯಿ. ನಡಿಗೆ ಕಾಲೆಳೆದಂತಿತ್ತು. ನೇರ ನನ್ನ ಹತ್ತಿರ ಬಂದಳು.

"ಬೇಟಿ, ಏಳು. ನಾ ಒತ್ತಿ ಬಂದೆ. ಒಂದ ಮನಿದು ಸಾಲಂಗಿಲ್ಲಂತ ಸಾಹೇಬ್ರು. ಇಪ್ಪತ್ತನರ ಬೇಕಂತ. ನೀ ಎದ್ರ ಎಲ್ಲಾರು ಏಳ್ತಾರ."

ಅದು ನಿಜವಿತ್ತು. ನಾನು ಎದ್ದಿದ್ದರೆ ಹೆಂಗಸರು ಏಳುತ್ತಿದ್ದರು, ಹೆಂಗಸರು ಎದ್ದರೆ ಗಂಡಸರೂ. ನಾನು ಖಾಲಾಳ ಮುಖ ನೋಡಿ, ತುಟಿಯ ಮೇಲೆ ಬೆರಳಿಟ್ಟು, ಸುಮ್ಮನಿರು ಎಂದು ಸನ್ನೆ ಮಾಡಿದೆ.

ರೇಡಿಯೊ, "ಸಿಂಧನೂರಿನಿಂದ ಬರೆಯುತ್ತಾರೆ" ಎಂದಿತು.

ನನ್ನ ಮಾತುಗಳು ಒಂದೊಂದಾಗಿ ಬಂದವು. ದೊಡ್ಡ ರಸ್ತೆ, ಲಾರಿಗಳು, ತಲೆಯ ಮೇಲಿನ ಕೊಡ. ಮಾಸ್ತರರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಆಮೇಲೆ ಬಂತು: "ನಮ್ಮ ಓಣಿಯ ಕಟ್ಟಕಡೆಯ ಮನೆಯಲ್ಲಿ ಒಬ್ಬಂಟಿ ಮುಸ್ಲಿಂ ತಾಯಿಯೊಬ್ಬರಿದ್ದಾರೆ. ಗರ್ಭಕೋಶ ಜಾರಿರುವ ಆ ತಾಯಿ ಬಟ್ಟೆ ಬಿಗಿದು ಕಟ್ಟಿಕೊಂಡು ಕೊಡ ಹೊರುತ್ತಾರೆ..."

ಓದುವವಳ ದನಿ ಅಲ್ಲಿ ಒಂದಿಷ್ಟು ನಡುಗಿತು. ನಾನು ಬರೆಯುವಾಗ ನಡುಗಲಿ ಎಂದು ಬಯಸಿದ್ದ ಜಾಗವೇ ಅದು.

ಖಾಲಾ ನನ್ನ ಎದುರೇ ನಿಂತಿದ್ದಳು. ಮೊದಲು ಆಕೆಗೆ ತಿಳಿಯಲಿಲ್ಲ. ಪುಸ್ತಕದ ಕನ್ನಡ ಕಿವಿಗೆ ಬಿದ್ದು ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಕುಳಿತವರೆಲ್ಲ ತಿರುಗಿ ಆಕೆಯನ್ನು ನೋಡಿದರು. ಜವಾನನೂ ನೋಡಿ, ತಟ್ಟನೆ ನೆಲ ನೋಡಿದ. ಆಕೆ ಸೆರಗನ್ನು ಹಣೆಯ ಮೇಲಕ್ಕೆ ಎಳೆದುಕೊಂಡಳು. ಮನೆಯ ಕಡೆ ನಡೆದಳು. ಓಣಿಯ ಉದ್ದಕ್ಕೂ ಬಾಗಿಲು ಬಾಗಿಲಿಗೆ ರೇಡಿಯೊ. ಒಂದು ಬಾಗಿಲು ದಾಟಿದರೆ ಇನ್ನೊಂದರಲ್ಲಿ ಅದೇ ದನಿ, ಆಕೆಯ ಮೈಯ ಮಾತನ್ನೇ ಮುಂದುವರಿಸುತ್ತಿತ್ತು. ತನ್ನ ಮನೆ ಸೇರುವವರೆಗೂ ಆಕೆ ಅದನ್ನು ಕೇಳಿಸಿಕೊಂಡೇ ಹೋಗಬೇಕಾಯಿತು.

ಆಗಲಾದರೂ ನಾನು ಎದ್ದೆನೆಂದು ಬರೆಯುವ ಆಸೆಯಾಗುತ್ತದೆ. ಏಳಲಿಲ್ಲ. ಹೆಸರುಗಳು ಬಾಕಿ ಇದ್ದವು. ಹನ್ನೆರಡು ಹೆಸರು ಓದಿ "ಮತ್ತು ಇತರರು" ಎಂದು ಮುಗಿಸಿದರು. ಇತರರಲ್ಲಿ ಸೇರಿದವರ ಮುಖ ಬಾಡಿತು. ಉಳಿದವರು ಚಪ್ಪಾಳೆ ತಟ್ಟಿದರು. "ಪೂರ್ತಿ ಓದಿದ್ರು ನೋಡ್ರಿ, ಒಂದಕ್ಷರ ಬಿಡಲಿಲ್ಲ" ಎಂದು ಮಾಸ್ತರರು ಹಲಗೆಗೆ ಗೀಟು ಎಳೆದರು. ಆಮೇಲೆ ನಾವೆಲ್ಲ ಗುಂಪಾಗಿ, ಗೆದ್ದವರ ಹಾಗೆ, ಮೂಲೆಗೆ ಹೋದೆವು.

ಜೀಪು ಇರಲಿಲ್ಲ. ಹಿಂದಿನ ಓಣಿಯ ಬಾಯಲ್ಲಿ ನಿಂತಿತ್ತು. ಅಲ್ಲಿಯ ಜನ ಸಾಲಾಗಿ ಕುಕ್ಕರಗಾಲಲ್ಲಿ ಕುಳಿತು, ಒಬ್ಬರಾದ ಮೇಲೊಬ್ಬರು ಹೆಬ್ಬಟ್ಟು ಒತ್ತಿ ಬೆರಳನ್ನು ಗೋಡೆಗೆ ಒರೆಸುತ್ತಿದ್ದರು. ಆ ಓಣಿಯಲ್ಲಿ ಬಳಗವಿರಲಿಲ್ಲ.

"ನಮ್ಮದು ಮೊದಲ ಇತ್ತಲ್ರೀ ಸಾಹೇಬ್ರ" ಎಂದು ಮಾಸ್ತರರು ಕೈ ಜೋಡಿಸಿದರು.

ಇಂಜಿನಿಯರು ವಯಸ್ಸಾದವರು, ಸಿಟ್ಟು ಮಾಡಲಿಲ್ಲ. "ಹತ್ತು ನಿಮಿಷ ನಿಂತಿದ್ದೆ. ಒಬ್ಬ ಅಜ್ಜಿ ಬಂದಿದ್ಲು, ಅಷ್ಟೇ. ನಿಮ್ಮ ಓಣಿಯವರಿಗೆ ನೀರಿನ ಗರಜು ಇಲ್ಲ ಅಂತ ತಿಳಕೊಂಡೆ" ಎಂದರು.

ಆ ಸಂಜೆ ಬಳಗ ಸೇರಿತು. ಅನ್ಯಾಯವಾಯಿತು, ಇದನ್ನೂ ಬರೆಯಬೇಕು ಎಂದರು. ಬರೆದವಳು ನಾನೇ. ಖಾಲಾಳ ಮನೆಗೆ ಹೋದದ್ದು ಮರುದಿನ ಬೆಳಿಗ್ಗೆ. ಈ ಎರಡರ ಸರದಿಯನ್ನು ಅದಲುಬದಲು ಮಾಡಿ ಹೇಳಿದರೆ ನಾನು ಸ್ವಲ್ಪ ಒಳ್ಳೆಯವಳಾಗಿ ಕಾಣುತ್ತೇನೆ. ನಡೆದದ್ದು ಮಾತ್ರ ಹೀಗೇ.

ಎರಡು ಕೊಡ ನೀರು ಹೊತ್ತು ಹೋದೆ. ಆಕೆ ಕೌದಿ ಹರವಿಕೊಂಡು ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಖಾಲಾ, ನಿನ್ನ ಸಲುವಾಗೇ ಬರದಿದ್ದೆ."

ದಾರ ಕಚ್ಚಿ ಹರಿದಳು. "ನಿನಗೊಬ್ಬಾಕಿಗೆ ಹೇಳಿದ್ದೆ ಬೇಟಿ."

"ಹೆಸರು ಹಾಕಿಲ್ಲ ಖಾಲಾ..."

"ಓಣಿ ಕಡೀ ಮನಿ ಎಷ್ಟ ಅದಾವ?"

ನಾನು ಕೊಡಗಳನ್ನು ಇಳಿಸಿ ಗೋಡೆಗೆ ಆನಿಸಿಟ್ಟೆ.

"ನನ ಸಲುವಾಗಿ ನೀ ಎದ್ದು ಬರಬೇಕಿತ್ತು. ಟೇಲರನ ಕಟ್ಟಿಯಿಂದ ಮೂಲಿಗೆ ಎಷ್ಟ ಹೆಜ್ಜಿ? ನಾ ಎಣಸೀನಿ, ನಲವತ್ತು. ನಾನು ಈ ಮೈ ಇಟಗೊಂಡು ನಲವತ್ತು ಹೋಗಿ ನಲವತ್ತು ಬಂದೆ. ನಿನಗ ಏಳಾಕ ಏನಾಗಿತ್ತು?"

ನೀರನ್ನು ಆಕೆಯ ಹಂಡೆಗೆ ಸುರಿದು, ಬರಿಗೊಡ ಹಿಡಿದು ಹೊರಬಿದ್ದೆ.

ಆಮೇಲಿನ ದಿನಗಳಲ್ಲಿ ಬೋರಿಂಗಿನ ಹತ್ತಿರ ಹೆಂಗಸರು ಆಕೆಗೆ ಔಷಧ ಹೇಳತೊಡಗಿದರು. ಒಬ್ಬಳು ಬೇರು ಹೇಳಿದರೆ ಇನ್ನೊಬ್ಬಳು ಹರಕೆ ಹೇಳಿದಳು. ಬೇರೆ ಓಣಿಯವರೂ "ರೇಡಿಯೊದಾಗ ಬಂದಾಕಿ ಈಕೀನಾ?" ಎಂದು ಕೇಳಿದರು. ಕಿರಾಣಿ ಅಂಗಡಿಯಲ್ಲಿ ಆಕೆ ಎಣ್ಣೆಗೆ ನಿಂತರೆ ಗಂಡಸರು ಮರ್ಯಾದೆಯಿಂದ ಪಕ್ಕಕ್ಕೆ ಸರಿಯುತ್ತಿದ್ದರು. ಆ ಮರ್ಯಾದೆ ಬೈಗುಳಕ್ಕಿಂತ ಕಡೆಯಾಗಿತ್ತು. ಖಾಲಾ ಹಗಲು ಹೊರಗೆ ಬರುವುದನ್ನೇ ಬಿಟ್ಟಳು. ನಾನು ನೀರಿಟ್ಟರೆ ಒಳಗಿಂದ "ಇಡು" ಎನ್ನುತ್ತಿದ್ದಳು, ಅಷ್ಟೇ.

ನಾನು ಪುರಸಭೆಗೆ ಹೋದೆ. ಎಲ್ಲ ಮನೆಯವರ ಸಹಿ ಹಾಕಿಸಿದ ಅರ್ಜಿ ತೆಗೆದುಕೊಂಡು, ಬದುಕಿನಲ್ಲಿ ಮೊದಲ ಸಲ ಆ ಮೆಟ್ಟಿಲು ಹತ್ತಿದೆ. ಗುಮಾಸ್ತರು ಓಣಿಯ ಹೆಸರು ನೋಡುತ್ತಲೇ ಮುಖ ಅರಳಿಸಿದರು.

"ರೇಡಿಯೊದಾಗ ಬಂದಿತ್ತಲ್ರೀ ನಿಮ್ಮ ಪತ್ರ! ನಾನೂ ಕೇಳಿದೆ. ನಮ್ಮ ಮನಿಯಾಗ ಅತ್ತೇ ಬಿಟ್ರು. ಏನ್ ಬರದೀರ್ರಿ ಅಕ್ಕಾರ!"

"ನಳ ಯಾವಾಗ ಬರತೈತ್ರಿ?"

"ನಳಾ?" ಅವರ ಮುಖ ಮತ್ತೆ ಕಚೇರಿಯ ಮುಖವಾಯಿತು. "ಪೈಪ್ ಮುಗದಾವು. ಇನ್ನೊಮ್ಮೆ ಬಂದಾಗ ನೋಡೂನು. ಆವತ್ತ ಬಂದು ಸಹಿ ಮಾಡಿದ್ರ ಆಗೇ ಬಿಡ್ತಿತ್ತು."

ಕೆಲವು ವಾರಗಳ ಮೇಲೆ ನಮ್ಮ ಎರಡನೆಯ ಪತ್ರವನ್ನೂ ಓದಿದರು. ಎಚ್ಚೆತ್ತುಕೊಳ್ಳದ ಅಧಿಕಾರಿಗಳು ಎಂದೆಲ್ಲ ಅದರಲ್ಲಿತ್ತು. ಎಚ್ಚರವಾಗಿದ್ದು, ಹೇಳಿದ ಹೊತ್ತಿಗೆ ಬಂದು ನಿಂತಿದ್ದವರನ್ನು ಕುರಿತು ನಾನೇ ಬರೆದ ಮಾತು. ಮಾಸ್ತರರು ಮಂಡಾಳ ಒಗ್ಗರಣೆ, ಮೆಣಸಿನಕಾಯಿ ಭಜಿ ತರಿಸಿ ಎಲ್ಲರಿಗೂ ಹಂಚಿದರು. ನನ್ನ ಪಾಲಿನ ಪೊಟ್ಟಣ ಎಣ್ಣೆ ಬಿಟ್ಟು ಕೈಯನ್ನು ಜಿಡ್ಡು ಮಾಡಿತು. ಹಿಡಿದುಕೊಂಡು ಓಣಿಯ ಕಡೆ ನೋಡಿದೆ. ಖಾಲಾಳ ಮನೆಯ ಮುಂದೆ ಎತ್ತಿನ ಗಾಡಿ ನಿಂತಿತ್ತು. ಮಸ್ಕಿಯಲ್ಲಿದ್ದ ತಂಗಿಯ ಮಗ ಬಂದು ಪೆಟ್ಟಿಗೆ, ಕೌದಿಗಳ ಗಂಟು ಹೇರುತ್ತಿದ್ದ. ತಂಗಿಯ ಮನೆಯ ಹಿತ್ತಲಲ್ಲೇ ಬಾವಿಯಿದೆಯೆಂದು ಹಿಂದೊಮ್ಮೆ ಹೇಳಿದ್ದಳು. ಯಾರಿಗೂ ಹೇಳದೆ ಹೊರಟಿದ್ದಳು. ಗಾಡಿ ನಮ್ಮ ಮುಂದೆಯೇ ಹೋಗಬೇಕು, ಬೇರೆ ದಾರಿಯಿಲ್ಲ. ಹೋಯಿತು. ಬಳಗದವರು ಭಜಿ ತಿನ್ನುತ್ತ, "ಖಾಲಾ, ಊರಿಗೇನು?" ಎಂದು ಕೂಗಿದರು. "ಹೌ" ಅಂದಳು.

ನಾನು ಅಂದಿಗೆ ಬರೆಯುವುದನ್ನು ಬಿಟ್ಟೆ. ಅದೇನೂ ತ್ಯಾಗವಲ್ಲ, ಉಳಿದ ಕಾರ್ಡುಗಳನ್ನು ಮಾಸ್ತರರ ಕಟ್ಟೆಯ ಮೇಲಿಟ್ಟು ಬಂದೆ, ಅಷ್ಟೇ. ಬಳಗ ಇನ್ನೂ ಕೆಲವು ವರ್ಷ ಬೇರೆ ಕೈಯ ಅಕ್ಷರದಲ್ಲಿ ನಡೆದು, ಮನೆಮನೆಗೆ ಟೀವಿ ಬಂದ ಮೇಲೆ ತಾನಾಗಿ ನಿಂತಿತು. ನಳ ಮೂರು ವರ್ಷದ ಮೇಲೆ ಬಂತು. ಅದಕ್ಕಾಗಿ ನಾನು ಆ ಕಚೇರಿಗೆ ಎಷ್ಟು ಸಲ ಅಲೆದೆನೆಂದು ಹೇಳಿಕೊಂಡರೆ ಅದೂ ಇನ್ನೊಂದು ಪತ್ರ ಬರೆದಂತೆಯೇ. ಖಾಲಾಳ ಮನೆಯಲ್ಲಿ ಅಷ್ಟು ಹೊತ್ತಿಗೆ ಯಾರೋ ಗೊಬ್ಬರದ ಚೀಲ ಇಟ್ಟಿದ್ದರು.

ನನ್ನ ತವರು ಲಿಂಗಸುಗೂರು. ಅಲ್ಲಿಗೆ ಹೋಗುವ ಬಸ್ಸು ಮಸ್ಕಿಯ ಮೇಲೆಯೇ ಹೋಗುತ್ತದೆ. ಪ್ರತಿ ಸಲ ಬಸ್ಸು ಅಲ್ಲಿ ನಿಂತಾಗ ಕಿಟಕಿಯ ಕಡೆ ನೋಡದೆ ಕೂರುತ್ತಿದ್ದೆ. ನಳ ಬಂದ ಮೇಲೆ ಒಮ್ಮೆ, ತವರಿನಿಂದ ಬರುವಾಗ, ಧೈರ್ಯ ಮಾಡಿ ಇಳಿದೆ. ಕೇಳಿಕೊಂಡು ಮನೆ ಹುಡುಕಿದೆ. ಖಾಲಾ ಪಡಸಾಲೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ನೋಡಿ ಎದ್ದಳು, ಚಾಪೆ ಹಾಸಿದಳು, ನೀರು ಕೊಟ್ಟಳು. ತಂಗಿಗೆ ಚಹಾ ಇಡಲು ಹೇಳಿದಳು.

"ಓಣಿಗೆ ನಳ ಬಂತು ಖಾಲಾ."

"ಬಂತಾ? ಚೊಲೊ ಆತು."

"ನಿನ್ನ ಮೈ ಹೆಂಗೈತಿ ಈಗ?"

"ಏನಾಗೈತಿ ನನಗ? ಚೊಲೊ ಅದೀನಿ. ಮಕ್ಕಳು ಹೆಂಗದಾರ? ಎಷ್ಟನೇತ್ತ ಅದಾರ?"

ಮಕ್ಕಳ ಶಾಲೆ, ಮನೆಯವರ ಪಾಳಿ, ಬಿಸಿಲು, ಸೊಪ್ಪಿನ ರುಚಿ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರೊಂದಿಗೆ ಆಡುವ ಮಾತನ್ನೆಲ್ಲ ಆಡಿದೆವು. ನಾನು ಎರಡನೆಯ ಸಲ ಮೈಯ ಬಗ್ಗೆ ಕೇಳಿದಾಗ ಆಕೆ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಬುಟ್ಟಿಯನ್ನು ಸಲೀಸಾಗಿ ಎತ್ತಿದ್ದು ಕಂಡಿತು.

ಹೊರಟಾಗ ತಂಗಿ ಬಾಗಿಲವರೆಗೆ ಬಂದಳು. ಆಕೆಗೆ ಹಿಂದಿನದೇನೂ ಗೊತ್ತಿದ್ದಂತೆ ಕಾಣಲಿಲ್ಲ.

"ಆಪಾ ಈಗ ಅರಾಮ ಅದಾಳ್ರೀ" ಅಂದಳು. "ಹೋದ ವರ್ಷ ಬ್ಯಾಸಗ್ಯಾಗ ಆಪ್ರೇಷನ್ ಮಾಡಿಸಿದ್ವಿ, ಲಿಂಗಸುಗೂರು ದವಾಖಾನಿಯಾಗ. ಹನ್ನೊಂದ ದಿನ ಇದ್ಲು. ನನಗ ಇಲ್ಲಿ ಮನಿ ಬಿಟ್ಟು ಹೋಗಾಕ ಆಗಲಿಲ್ರೀ, ನನ ಮಗ ದಿನಾ ಬಸ್ಸಿನ್ಯಾಗ ಗಂಜಿ ಒಯ್ತಿದ್ದ. ಮುಟ್ಟೂದ್ರಾಗ ಆರಿ ಹೋಗಿರ್ತಿತ್ತು. ಅಲ್ಲಿ ಗುರ್ತಿನವ್ರು ಯಾರೂ ಇಲ್ಲಂದ್ಲು."

ಆ ದವಾಖಾನೆ ನನ್ನ ತವರಿನ ಹಿಂದಿನ ಬೀದಿಯಲ್ಲಿದೆ. ನಮ್ಮ ಅಡುಗೆಮನೆಯ ಕಿಟಕಿಯಿಂದ ಅದರ ಕಂಪೌಂಡು ಕಾಣುತ್ತದೆ. ಆ ಬೇಸಿಗೆಯೆಲ್ಲ ನಾನು ಅಲ್ಲೇ ಇದ್ದೆ, ಸಂಡಿಗೆ ಹಾಕುತ್ತ. ನನ್ನ ತವರು ಎಲ್ಲಿದೆಯೆಂದು ಖಾಲಾಳಿಗೆ ಚೆನ್ನಾಗಿ ಗೊತ್ತಿತ್ತು.